'ಆದರೆ' ಸಾಲು ಖಾಲಿ ಬಿಟ್ಟ ಮೇಲೆ ಕೂಟ ಉಳಿಯಿತು

"ದೇವರ ಮುಂದೆ ದೂರುವುದು ಅವಿಶ್ವಾಸ" ಎಂದು ನಮ್ಮ ಸಭೆಯ (ಚರ್ಚಿನ) ಹಿರಿಯರು ಮೊದಲ ವಾರವೇ ಹೇಳಿದ್ದರು. ಈಗ ಕುಗ್ಗಿದವರು ತಮ್ಮ ದೂರನ್ನು ದೇವರ ಮುಂದಿಡುವ ನಮ್ಮ ಗುರುವಾರದ ಕೂಟ ಅವರ ಮನೆಯಲ್ಲೇ ನಡೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮನೆಪ್ರಾರ್ಥನೆ ನಡೆಸಿದವರಿಗೆ ಉಳಿದದ್ದು ಗೊತ್ತೇ ಇದೆ.

ಮೊದಲು ಸೋತದ್ದು. ಕುಗ್ಗಿದವರನ್ನು ಎತ್ತಲೆಂದು ಮೂರು ಸಂಜೆಯ ಕನ್ವೆನ್ಷನ್ (ದೊಡ್ಡ ಬೋಧನಾ ಸಭೆ) ಮಾಡಿದೆವು: ಶಾಮಿಯಾನ, ಮೈಕ್‌ಸೆಟ್, ಬೋಧಕರ ಪ್ರಯಾಣ, ಊಟ ಸೇರಿ ಹತ್ತಿರ ಹತ್ತಿರ 40 ಸಾವಿರ. ಎರಡು ವಾರಕ್ಕೆ ಬಿಸಿ ಆರಿತು. ಆಮೇಲೆ ಬೈಬಲ್ ವಚನ ಅಚ್ಚು ಹಾಕಿದ ವಾಗ್ದಾನದ ಕಾರ್ಡು, 200ಕ್ಕೆ ಸುಮಾರು 900 ರೂಪಾಯಿ. ಎಲ್ಲದರ ಮೇಲೂ ಬೈಬಲಿನ ಪ್ರಲಾಪಗಳು ಪುಸ್ತಕದ 3:22–23, ದಿನದಿನವೂ ಹೊಸದಾಗುವ ಕರುಣೆಯ ಮಾತು. ಆ ಪುಸ್ತಕದಲ್ಲಿ ಅದಕ್ಕೆ ಮುಂಚೆ 65 ವಚನಗಳಿವೆ, ಬಹುಪಾಲು ಗೋಳು. ನಾವು ಆ 65ನ್ನು ಕತ್ತರಿಸಿ 66, 67ನೆಯದನ್ನು ಹಂಚಿದ್ದೆವು. ಕೆಲಸ ಹೋದವನಿಗೆ ಆ ಕಾರ್ಡು ಪುಟಗುರುತಾಯಿತು, ಅಷ್ಟೇ.

ಈಗ ಕೂರುವುದು ಆರು ಜನ. ಏಳು ದಾಟಿದರೆ ಮಾತು ದೇವರ ಉಪಕಾರ ಹೇಳುವ ಸಾಕ್ಷಿಯಾಗಿ, ಸಾಕ್ಷಿ ಭಾಷಣವಾಗುತ್ತದೆ. ಬೈಬಲಿನ 13ನೇ ಕೀರ್ತನೆಯಿಂದ ಶುರು, ಇರುವುದೇ ಆರು ವಚನ. ಎರಡು ಸಲ ಜೋರಾಗಿ ಓದಿ, ಏಳೆಂಟು ನಿಮಿಷ ಸುಮ್ಮನೆ ಕೂತು, 30 ರೂಪಾಯಿಯ ನೋಟುಬುಕ್ಕಿನಲ್ಲಿ ನಾಲ್ಕು ಸಾಲು ಬರೆಯುವುದು: ದೇವರಿಗೆ ಕರೆ, ದೂರು, ಬೇಡಿಕೆ, ಕೊನೆಗೆ "ಆದರೆ", ಅಂದರೆ ದೂರಿನಿಂದ ನಂಬಿಕೆಗೆ ತಿರುಗುವ ಸಾಲು. ಕೀರ್ತನೆಯ ಅಚ್ಚೇ ಹಾಗಿದೆ. ಮೊದಲೆರಡು ವಚನಗಳಲ್ಲಿ "ಇನ್ನೆಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ, ತಿರುವು ಐದನೆಯದರಲ್ಲಿ.

ಕೆಡುವುದು ನಾಲ್ಕನೇ ಸಾಲಿನಲ್ಲಿ. ಸಂಡೇಸ್ಕೂಲಿನ ರೂಢಿ, ಮೊದಲ ದಿನವೇ "ಆದರೆ ಕರ್ತನು ಒಳ್ಳೆಯವನು" ಎಂದು ತುಂಬಿಸಿಬಿಡುತ್ತಾರೆ. ಮೂರನೇ ವಾರಕ್ಕೆ ಬರುವುದನ್ನೇ ಬಿಡುತ್ತಾರೆ, ಬರೆದದ್ದು ತಮಗೇ ಸುಳ್ಳೆನಿಸಿರುತ್ತದೆ. ಆದ್ದರಿಂದ ಆ ಸಾಲು ಖಾಲಿ ಇರಲೇಬೇಕೆಂದು ನಿಯಮ ಮಾಡಿದೆವು. ತಾನಾಗಿ ಬಂದ ದಿನ ತಾರೀಕು ಹಾಕಿ ಬರೆಯಬೇಕು. ಕೆಲವರಿಗೆ ಮೂರು ವಾರ ಹಿಡಿಯಿತು, ಒಬ್ಬರಿಗೆ ಐದು ತಿಂಗಳು. ಬಾರದವರಿಗೆ 88ನೇ ಕೀರ್ತನೆ ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಸತ್ಯವೇದದೊಳಗೇ (ಬೈಬಲಿನೊಳಗೇ) ಇದೆ. 42ನೇ ಕೀರ್ತನೆಯನ್ನು 43 ಬಿಟ್ಟು ಓದಬೇಡಿ, ಅದರ ಪಲ್ಲವಿ ಮೂರನೇ ಸಲ ಬರುವುದು 43ರ ಕೊನೆಗೆ. ಅಲ್ಲಿರುವ "ನಿರೀಕ್ಷಿಸು" ಬಸ್ಸಿಗೆ ಕಾಯುವವರ ಪದವೇ. ನನಗೆ ಅದೇ ಇಷ್ಟ.

ಉಪವಾಸ ಕೂಟ ಬೇಡವೇ ಬೇಡ. ಬೈಬಲಿನ 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾವು ಬೇಡಿದಾಗ ದೇವದೂತ ಬೋಧಿಸಲಿಲ್ಲ. ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ದೇವರ ಬೆಟ್ಟವಾದ ಹೋರೇಬಿನ ದಾರಿ ಆಮೇಲೆ. ನಮ್ಮಲ್ಲಿ ಉಪ್ಪಿಟ್ಟು, ಚಹಾ, ವಾರಕ್ಕೆ 150 ರೂಪಾಯಿ ಇರಬಹುದು. ಎರಡು ವಾರ ನಿದ್ದೆಯೇ ಬಾರದವರನ್ನು, ಸಾವಿನ ಮಾತಾಡುವವರನ್ನು ಕೀರ್ತನೆಯಲ್ಲೇ ಕೂರಿಸಬೇಡಿ. ಡಾಕ್ಟರ ಹತ್ತಿರ ಜೊತೆಗೇ ಹೋಗಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಿಸಿ.

ನಡುವೆ ಒಂದು ಪ್ರಯೋಗ ಮಾಡಿದೆವು. ಪ್ರಲಾಪಗಳ ಮೊದಲ ನಾಲ್ಕು ಅಧ್ಯಾಯಗಳು ಹೀಬ್ರೂವಿನ 22 ಅಕ್ಷರಗಳ ಸಾಲು ಹಿಡಿದು ನಡೆಯುತ್ತವೆ. ನಾವು ಅ ಆ ಇ ಈ ಹಿಡಿದು ಸ್ವರಕ್ಕೊಂದು ದೂರು ಬರೆಸಿದೆವು. 'ಋ' ಬಂದಾಗ ಆರರಲ್ಲಿ ಐವರು "ಋಣ" ಎಂದೇ ಬರೆದರು! ಸಾಲದ ಮಾತು ಬಾಯಿಗೆ ಬಂದದ್ದೇ ಆ ದಿನ. ತಕ್ಷಣ ಎಡವಿದ್ದೂ ಅಲ್ಲೇ. ಕೂಟದೊಳಗೇ ಒಬ್ಬರು ಇನ್ನೊಬ್ಬರಿಗೆ ಎಂಟು ಸಾವಿರ ಕೈಸಾಲ ಕೊಟ್ಟರು, ತಿಂಗಳೊಳಗೆ ಇಬ್ಬರೂ ಬರುವುದು ನಿಂತಿತು. ಈಗ ಹಣದ ಅಗತ್ಯವಿದ್ದರೆ ಸಭಾಪಾಲಕರ ಮೂಲಕ ಸಹಾಯ ನಿಧಿಗೇ ಹೋಗಬೇಕು.

ಕೀರ್ತನೆಗಳಲ್ಲಿ 13 ಆದಮೇಲೆ 6, 42–43. 22ನ್ನು ಶುಭ ಶುಕ್ರವಾರದ ವಾರಕ್ಕೆ ಇಟ್ಟುಕೊಳ್ಳಿ, ಯೇಸು ಶಿಲುಬೆಯ ಮೇಲೆ ಕೂಗಿದ್ದು ಅದರ ಮೊದಲ ಮಾತನ್ನೇ. 88ನ್ನು ಯಾವ ವಾರ ತೆಗೆಯುತ್ತೇವೆ, ಯಾರಿಂದ ಓದಿಸುತ್ತೇವೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಬಂದು ಕೂತು ನೋಡಿ, ಉಪ್ಪಿಟ್ಟು ಇರುತ್ತದೆ.