ನಮ್ಮ ವಿಡಿಯೋ ಮೇಲಿದ್ದ ಸ್ಟೇ ತೆರವು ಮಾಡಿಸಿದ್ದು ಹೀಗೆ

ನಮ್ಮದು ತೀರ್ಥಹಳ್ಳಿ, ಹೊಸನಗರ ಕಡೆಯ ಸುದ್ದಿ ಹಾಕುವ ಸಣ್ಣ ಯೂಟ್ಯೂಬ್ ಚಾನೆಲ್. ಕ್ಯಾಮೆರಾ, ಎಡಿಟಿಂಗ್, ವರದಿ ಎಲ್ಲದಕ್ಕೂ ಇರುವುದು ಇಬ್ಬರೇ. ಒಂದು ಕಲ್ಲು ಕ್ವಾರಿ ಬಗ್ಗೆ ನಾವು ಹಾಕಿದ್ದ ವಿಡಿಯೋಗೆ ಬೆಂಗಳೂರಿನ ಸಿವಿಲ್ ಕೋರ್ಟಿನಿಂದ ಕ್ವಾರಿಯವರು ಸ್ಟೇ ತಂದರು. ನಮಗೆ ನೋಟಿಸ್ ಬಂದಿರಲಿಲ್ಲ, ನಮ್ಮ ಮಾತನ್ನು ಯಾರೂ ಕೇಳಿರಲಿಲ್ಲ. ಯೂಟ್ಯೂಬಿನವರ ಮೇಲ್ ನೋಡಿದ ಮೇಲೇ ವಿಷಯ ಗೊತ್ತಾಗಿದ್ದು. ಆ ಸ್ಟೇ ಈಗ ತೆರವಾಗಿದೆ. ಹೇಗೆ ಮಾಡಿದಿರಿ ಅಂತ ಬೇರೆ ಚಾನೆಲ್‌ನವರು ಕೇಳುತ್ತಲೇ ಇದ್ದಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಿಡಿಯೋ ಹೋದ ಕೂಡಲೇ ಸ್ನೇಹಿತರೆಲ್ಲ ಹೇಳಿದ್ದು ಒಂದೇ ಮಾತು, ‘ಕೊಡಿ ಮಾರಾಯ್ರೇ, ನಮ್ಮ ಪೇಜಿನಲ್ಲಿ ಹಾಕ್ತೀವಿ.’ ನಾವು ಕೊಡಲಿಲ್ಲ. ಸ್ಟೇ ಸರಿ ಇಲ್ಲ ಅಂತ ನಮಗೆ ಎಷ್ಟೇ ಅನ್ನಿಸಲಿ, ತೆರವಾಗುವ ತನಕ ಪಾಲಿಸಲೇಬೇಕು. ಮುರಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 39, ರೂಲ್ 2ಎ ಪ್ರಕಾರ ಆಸ್ತಿ ಜಪ್ತಿ ಆಗಬಹುದು, 3 ತಿಂಗಳವರೆಗೆ ಜೈಲಿಗೂ ಹಾಕಬಹುದು. ಜೊತೆಗೆ, ‘ಇವರು ಕೋರ್ಟಿಗೇ ಬೆಲೆ ಕೊಡದವರು’ ಅಂತ ಜಡ್ಜ್ ಮುಂದೆ ಹೇಳಲು ಎದುರಿನವರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಆದರೆ ಸ್ಟೇ ಇದ್ದದ್ದು ಆ ವಿಡಿಯೋಗೆ ಮತ್ತು ಆ ಕ್ವಾರಿಯವರ ಬಗೆಗಿನ ಮಾನಹಾನಿ ಮಾತಿಗೆ ಮಾತ್ರ. ಕ್ವಾರಿ ಲೀಸ್ ಹೇಗೆ ಕೊಡುತ್ತಾರೆ, ಸಿಡಿಮದ್ದು ಬಳಸಲು ಯಾರ ಅನುಮತಿ ಬೇಕು, ಊರವರು ಎಲ್ಲಿ ತಕರಾರು ಹಾಕಬಹುದು ಎಂಬುದರ ಬಗ್ಗೆ ಮಾತಾಡಬೇಡಿ ಅಂತ ಯಾವ ಕೋರ್ಟೂ ಹೇಳಿರಲಿಲ್ಲ. ಅದನ್ನೆಲ್ಲ ಮಾಡುತ್ತಲೇ ಇದ್ದೆವು.

ಆಮೇಲೆ ಕಾಗದಪತ್ರ. ಇ-ಕೋರ್ಟ್ಸ್ ಸೈಟಿನಲ್ಲಿ ಕಕ್ಷಿದಾರರ ಹೆಸರು ಹಾಕಿ ಹುಡುಕಿದರೆ ಕೇಸ್ ನಂಬರ್, ಮುಂದಿನ ವಾಯಿದೆ ಎಲ್ಲ ಸಿಗುತ್ತದೆ. ವಕೀಲರು ವಕಾಲತ್ತು ಹಾಕಿ ದಾವೆಯ ಪ್ರತಿ, ಆದೇಶದ ಸರ್ಟಿಫೈಡ್ ಕಾಪಿ ತೆಗೆದರು. ನಾವು ಪ್ರತಿವಾದಿಗಳ ಪಟ್ಟಿಯಲ್ಲಿ ಎಲ್ಲೋ ಮಧ್ಯದಲ್ಲಿದ್ದೆವು. ಕೊನೆಯಲ್ಲಿ ‘ಅಶೋಕ್ ಕುಮಾರ್’ ಅಂತೊಬ್ಬರು. ಆ ಹೆಸರಿನ ಮನುಷ್ಯ ಇಲ್ಲ. ಯಾರು ಅಂತ ಗೊತ್ತಿಲ್ಲದವರ ಮೇಲೂ ಆದೇಶ ಬೇಕಾದಾಗ ನಮ್ಮ ದೇಶದ ಕೋರ್ಟುಗಳಲ್ಲಿ ಹಾಕುವ ಹೆಸರು ಅದು. ಅಂದರೆ ನಾಳೆ ಆ ಊರಿನ ಹುಡುಗನೊಬ್ಬ ತನ್ನ ಮೊಬೈಲಿನಲ್ಲಿ ಕ್ವಾರಿ ಬಗ್ಗೆ ಮಾತಾಡಿದರೂ ಅವನ ಮೇಲೆ ಇದನ್ನೇ ತೋರಿಸಬಹುದು.

ನಮ್ಮ ವಕೀಲರು ಕೋರ್ಟಿನಲ್ಲಿ ವಾಕ್ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಲಿಲ್ಲ. ರೂಲ್ 4ರ ಕೆಳಗೆ ಸ್ಟೇ ತೆರವಿಗೆ ಅರ್ಜಿ ಹಾಕಿ ಆರ್ಡರ್ 39ನ್ನೇ ಓದಿದರು. ಎದುರಿನವರಿಗೆ ನೋಟಿಸ್ ಕೊಡದೆ ಸ್ಟೇ ಕೊಡುವುದಾದರೆ, ನೋಟಿಸ್ ಕೊಡುತ್ತಾ ಕೂತರೆ ಯಾಕೆ ತಡವಾಗುತ್ತದೆ ಅಂತ ಜಡ್ಜ್ ಕಾರಣ ಬರೆಯಬೇಕು ಅನ್ನುತ್ತದೆ ರೂಲ್ 3. ನಮ್ಮ ವಿಡಿಯೋ ಹಾಕಿದ್ದು ಅಡಿಕೆ ಕೊಯ್ಲಿನ ಹೊತ್ತಿಗೆ, ಅವರು ದಾವೆ ಹಾಕಿದ್ದು ಮಳೆಗಾಲ ಹಿಡಿದ ಮೇಲೆ. ಅಷ್ಟು ತಿಂಗಳು ಸುಮ್ನೆ ಇದ್ದವರಿಗೆ ನಮಗೊಂದು ನೋಟಿಸ್ ಕೊಡುವಷ್ಟು ಹೊತ್ತು ಇರಲಿಲ್ಲವಾ? ಸ್ಟೇ ಸಿಕ್ಕ ಕೂಡಲೇ ಅರ್ಜಿ, ಅಫಿಡವಿಟ್, ದಾಖಲೆಗಳ ಪ್ರತಿಗಳನ್ನು ಅವರು ನಮಗೆ ತಲುಪಿಸಬೇಕಿತ್ತು, ಅದೂ ಆಗಿರಲಿಲ್ಲ. ಇಂಥ ಅರ್ಜಿಯನ್ನು 30 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಅನ್ನುತ್ತದೆ ರೂಲ್ 3ಎ. ಪ್ರತಿ ವಾಯಿದೆಗೂ ಎದುರಿನ ವಕೀಲರು ಟೈಮ್ ಕೇಳುವವರು, ಪ್ರತಿ ವಾಯಿದೆಗೂ ನಮ್ಮವರು ಈ ರೂಲ್ ನೆನಪಿಸುವರು. ಜನಶತಾಬ್ದಿಯಲ್ಲಿ ಬೆಳಗಿನ ಜಾವ ಹೋಗಿ ರಾತ್ರಿ ಬರುವಷ್ಟರಲ್ಲಿ ಒಂದು ದಿನದ ದುಡಿಮೆ ಹೋಗಿರುತ್ತಿತ್ತು. ವಿಡಿಯೋ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಹೆಸರು ಕೆಟ್ಟಿತು ಅಂತ ವಾದ ಮಾಡಬಹುದಾದ್ದರಿಂದ, ಮಲೆನಾಡಿನ ಕ್ವಾರಿಯ ಜಗಳವನ್ನು ದೂರದ ಊರಿಗೆ ಎಳೆಯುವುದು ದುಡ್ಡಿದ್ದವರಿಗೆ ಸುಲಭ.

ದಾಖಲೆಯೇ ನಮ್ಮ ಬಲ. ಆರ್‌ಟಿಐನಲ್ಲಿ ತೆಗೆದ ಲೀಸ್ ನಕ್ಷೆ, ಪಂಚಾಯ್ತಿಗೆ ಊರವರು ಕೊಟ್ಟ ದೂರುಗಳು, ಮತ್ತೆ ಆ ಗೋಡೆ. ಕ್ವಾರಿ ಹತ್ತಿರದ ಒಬ್ಬ ಅಜ್ಜಿಯ ಮನೆಯದು. ಬಿರುಕಿನ ಮೇಲೆ ಅಡ್ಡಡ್ಡ ಹಳೇ ಕ್ಯಾಲೆಂಡರಿನ ಚೂರುಗಳನ್ನು ಮೈದಾ ಅಂಟಿನಲ್ಲಿ ಅಂಟಿಸಿದ್ದರು. ಪ್ರತಿಯೊಂದರ ಮೇಲೂ ತಾರೀಖು, ಪಕ್ಕದ ಮನೆಯವರ ಸಹಿ. ಮದ್ದು ಸಿಡಿಸಿದ ಮೇಲೆ ಒಂದು ಚೂರು ಮಧ್ಯಕ್ಕೆ ಹರಿದರೆ ಅದರ ಮೇಲೆ ಇನ್ನೊಂದು. ಹೀಗೆ ಕಿಟಕಿಯಿಂದ ಸೂರಿನವರೆಗೆ ಹರಿದ ಕಾಗದಗಳ ಸಾಲು. ನಾನು ಶೂಟ್ ಮಾಡುವಾಗ ಅಜ್ಜಿ, ‘ಬೆಳಕು ಸಾಕಾ ತಮ್ಮಾ, ಸಹಿ ಕಾಣ್ತದಾ?’ ಅಂತ ಕೇಳುತ್ತಲೇ ಇದ್ದರು. ಸಹಿ ಕಾಣುವಂತೆಯೇ ತೆಗೆದಿದ್ದೆ. ಮೂಲ ಫೈಲ್ ಮೆಮೊರಿ ಕಾರ್ಡಿನಲ್ಲಿ ಹಾಗೇ ಇತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಡಿಜಿಟಲ್ ದಾಖಲೆಗೆ ಕೇಳುವ ಸರ್ಟಿಫಿಕೇಟನ್ನು ಹ್ಯಾಶ್ ವ್ಯಾಲ್ಯೂ (ಫೈಲ್ ಬದಲಾಗಿಲ್ಲ ಅಂತ ತೋರಿಸುವ, ಬೆರಳಚ್ಚಿನಂಥ ಸಂಕೇತ) ಸಮೇತ ಕೊಟ್ಟೆವು. ಎಡಿಟ್ ಆದ ಮೇಲೆ ಮೂಲ ಫೈಲ್ ಅಳಿಸಿಹಾಕುವ ಚಾನೆಲ್‌ನವರು ಜಾಸ್ತಿ, ದಯವಿಟ್ಟು ಅಳಿಸಬೇಡಿ.

ತೀರ್ಪುಗಳಲ್ಲಿ ನಮಗೆ ಹೆಚ್ಚು ನೆರವಾದದ್ದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಬ್ಲೂಮ್‌ಬರ್ಗ್ ಮತ್ತು ಝೀ ಪ್ರಕರಣದಲ್ಲಿ ಹೇಳಿದ್ದು. ವಿಚಾರಣೆಗೆ ಮುಂಚೆಯೇ ಬರಹಕ್ಕೆ ತಡೆ ಕೊಟ್ಟರೆ, ಆರೋಪ ಸಾಬೀತಾಗುವ ಮೊದಲೇ ಅದಕ್ಕೆ ಮರಣದಂಡನೆ ಕೊಟ್ಟಂತೆ ಆಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ತಡೆ ಕೊಡಲು ಇರುವ ಮೂರು ಪರೀಕ್ಷೆಗಳ (ಮೇಲ್ನೋಟಕ್ಕೆ ಕೇಸ್ ಇದೆಯಾ, ತಡೆ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟ ತುಂಬಲಾಗದ್ದಾ) ಹೆಸರು ಬರೆದರೆ ಸಾಲದು, ಈ ಪ್ರಕರಣಕ್ಕೆ ಅವು ಹೇಗೆ ಹೊಂದುತ್ತವೆ ಅಂತ ಬಿಡಿಸಿ ಹೇಳಬೇಕು ಅಂತಲೂ ಇದೆ. ನಮ್ಮ ಮೇಲಿನ ಆದೇಶದಲ್ಲಿ ಇದ್ದದ್ದು ಬರೀ ಹೆಸರುಗಳೇ. 2025ರ ಜುಲೈನಲ್ಲಿ ಧರ್ಮಸ್ಥಳ ಪ್ರಕರಣಕ್ಕೆ ಸಂಬಂಧಿಸಿ 8,842 ಲಿಂಕ್ ತೆಗೆಯಿರಿ ಅಂತ ಬೆಂಗಳೂರಿನ ಸಿವಿಲ್ ಕೋರ್ಟ್ ಏಕಪಕ್ಷೀಯ ಆದೇಶ ಕೊಟ್ಟಿದ್ದು, ಅದನ್ನು ಪ್ರಶ್ನಿಸಿ ಹೋದ ಯೂಟ್ಯೂಬ್ ಚಾನೆಲ್ಲಿನ ಮಟ್ಟಿಗೆ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು ನಿಮಗೆಲ್ಲ ನೆನಪಿರಬೇಕು. ಹೋದವರಿಗೆ ಸಿಕ್ಕಿತು. ಸುಮ್ಮನಿದ್ದರೆ ಮಧ್ಯಂತರ ಅನ್ನಿಸಿಕೊಂಡ ಆದೇಶವೇ ವರ್ಷಗಟ್ಟಲೆ ಉಳಿಯುತ್ತದೆ.

ಮಾನಹಾನಿ ಕಾನೂನೇ ಬೇಡ ಅನ್ನುವವನಲ್ಲ ನಾನು. ಸಂವಿಧಾನದ 19(2)ರಲ್ಲೇ ಅದಕ್ಕೆ ಜಾಗ ಇದೆ. ಸುಳ್ಳು ಹೇಳಿದ್ದರೆ ಕೇಸ್ ನಡೆಸಿ, ಸಾಬೀತು ಮಾಡಿ, ಪರಿಹಾರ ತಗೊಳ್ಳಲಿ. ಆದರೆ ಕೇಳುವ ಮೊದಲೇ ಬಾಯಿ ಮುಚ್ಚಿಸುವುದು ಬೇರೆ. ಪತ್ರಿಕೆಯಾಗಿದ್ದರೆ ಹಂಚಿದ ಪ್ರತಿಗಳಾದರೂ ಮನೆಗಳಲ್ಲಿ ಉಳಿಯುತ್ತಿದ್ದವು. ಇಲ್ಲಿ ಒಂದು ಆದೇಶಕ್ಕೆ ಆ ಅಜ್ಜಿಯ ಮೊಬೈಲಿನಲ್ಲೂ ಅವರದೇ ಗೋಡೆ ಕಾಣದಂತಾಯಿತು.

ಸ್ಟೇ ತೆರವಾದರೂ ವಿಡಿಯೋ ತಾನಾಗಿ ವಾಪಸ್ ಬರಲಿಲ್ಲ. ತೆರವಿನ ಆದೇಶದ ಸರ್ಟಿಫೈಡ್ ಕಾಪಿಯನ್ನು ಯೂಟ್ಯೂಬಿನವರಿಗೆ ಕಳಿಸಿ, ಮತ್ತೆ ಮತ್ತೆ ಬರೆದ ಮೇಲೆ ಬಂತು. ಮೂಲ ದಾವೆ ಇನ್ನೂ ನಡೆಯುತ್ತಿದೆ. ಎರಡನೇ ಭಾಗ ಹಾಕುವ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಸೆಕ್ಷನ್ ಕೆಳಗೆ ಕೇವಿಯಟ್ ಹಾಕಿದೆವು. ಅದಿದ್ದರೆ ನಮಗೆ ತಿಳಿಸದೆ ಸ್ಟೇ ಕೊಡುವ ಹಾಗಿಲ್ಲ. 90 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಮತ್ತೆ ಹಾಕಬೇಕು. ಯಾವ ಕೋರ್ಟಿಗೆ ಹೋಗುತ್ತಾರೋ ಮೊದಲೇ ಗೊತ್ತಾಗುವುದಿಲ್ಲ ಅಲ್ವಾ, ಹಾಗಾಗಿ ಶಿವಮೊಗ್ಗದಲ್ಲೂ ಬೆಂಗಳೂರಿನಲ್ಲೂ ಹಾಕಿದ್ದೇವೆ.