ಗಾಳಿಯ ದಾರಿಯಿಂದ ಆರಂಭ: 1:10 ಅಳತೆಯ ಮಿಗ್-15 ಇಡಿಎಫ್ ಮಾದರಿ ಕಟ್ಟಿದ ನನ್ನ ಅನುಭವ

ನಳಿಕೆಯೊಳಗೆ ತಿರುಗುತ್ತಾ ಗಾಳಿಯನ್ನು ಹಿಂದಕ್ಕೆ ದೂಡುವ ವಿದ್ಯುತ್ ಡಕ್ಟೆಡ್ ಫ್ಯಾನ್, ಅಂದರೆ ಇಡಿಎಫ್, ಅಳವಡಿಸಿದ ಜೆಟ್ ಮಾದರಿ ಕಟ್ಟಲು ಹೊರಡುವವರಲ್ಲಿ ಹೆಚ್ಚಿನವರು ಮೊದಲು ವಿಮಾನದ ಹೊರಮೈ ಬಿಡಿಸಿಕೊಂಡು, ಆಮೇಲೆ ಅದರೊಳಗೆ ಫ್ಯಾನನ್ನು ಎಲ್ಲಿ ಕೂರಿಸುವುದೆಂದು ಯೋಚಿಸುತ್ತಾರೆ. ಸೋವಿಯತ್ ಜೆಟ್ ಯುದ್ಧವಿಮಾನವಾದ ಮಿಗ್-15ರ ರೇಡಿಯೊ ನಿಯಂತ್ರಣದ ಮಾದರಿಯನ್ನು ಕಟ್ಟುವಾಗ ನಾನು ಈ ಕ್ರಮವನ್ನು ತಿರುಗುಮುರುಗು ಮಾಡಿದೆ. ಮೂತಿಯಲ್ಲಿ ಗಾಳಿ ಒಳಹೊಗುವ ಬಾಯಿಯಿಂದ ಬಾಲದಲ್ಲಿ ಅದು ಹೊರಬೀಳುವ ಬಾಯಿಯವರೆಗಿನ ದಾರಿಯನ್ನು ಮೊದಲು ನಿಶ್ಚಯಿಸಿ, ಒಡಲನ್ನು ಆ ದಾರಿಯ ಸುತ್ತ ಕಟ್ಟುತ್ತಾ ಹೋದೆ. ಇಡಿಎಫ್ ಮಾದರಿಯ ಹಾರಾಟ ಚೆನ್ನಾಗಿರುವುದೂ ಇಲ್ಲದಿರುವುದೂ ಬಹುಮಟ್ಟಿಗೆ ಈ ದಾರಿಯಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

1947ರ ಡಿಸೆಂಬರ್ 30ರಂದು ಮೊದಲು ಹಾರಿದ ಮಿಗ್-15 ಈ ಕೆಲಸಕ್ಕೆ ಹೇಳಿ ಮಾಡಿಸಿದ ವಿಮಾನ. ರೋಲ್ಸ್-ರಾಯ್ಸ್ ನೀನ್ ಮೂಲದ ಅದರ ಎಂಜಿನ್ನಿನಲ್ಲಿದ್ದದ್ದು ಗಾಳಿಯನ್ನು ನಡುವಿನಿಂದ ಹೊರಕ್ಕೆ ಎಸೆದು ಒತ್ತುವ ಅಗಲವಾದ ಕೇಂದ್ರಾಪಗಾಮಿ ಕಂಪ್ರೆಸರ್ ಆದ್ದರಿಂದ ವಿಮಾನದ ಒಡಲೂ ದುಂಡಗೆ, ದಪ್ಪಗೆ ಇದೆ. ಹೀಗಾಗಿ 1:10 ಅಳತೆಗೆ ಇಳಿಸಿದರೂ 70 ಮಿಲಿಮೀಟರ್ ಫ್ಯಾನ್ ಅದರೊಳಗೆ ಸಲೀಸಾಗಿ ಕೂರುತ್ತದೆ. ಮೂಲ ವಿಮಾನದಲ್ಲಿ ಎಂಜಿನ್ ದುರಸ್ತಿಗೆಂದು ಒಡಲಿನ ಹಿಂಭಾಗವನ್ನು ರೆಕ್ಕೆಯ ಹಿಂದಿನ ಜೋಡಣೆಯಲ್ಲಿ ಪೂರ್ತಿಯಾಗಿ ಕಳಚಬಹುದಾಗಿತ್ತು. ಮಾದರಿಯಲ್ಲೂ ನಾನು ಅದೇ ಜೋಡಣೆಯನ್ನು ನಾಲ್ಕು ಸ್ಕ್ರೂಗಳೊಂದಿಗೆ ಉಳಿಸಿಕೊಂಡದ್ದರಿಂದ, ಹೊರಮೈಯಲ್ಲಿ ಹೊಸ ಮುಚ್ಚಳವನ್ನು ಕತ್ತರಿಸದೆ ಫ್ಯಾನನ್ನು ಹೊರತೆಗೆಯಲು ಸಾಧ್ಯವಾಯಿತು.

ಫ್ಯಾನಿನ ನಡುವಣ ಗುಬ್ಬಿಯ (ಎಸಳುಗಳು ಕೂಡುವ ಹಬ್‌ನ) ವ್ಯಾಸ 30 ಮಿಲಿಮೀಟರ್ ಇರುವುದರಿಂದ ಎಸಳುಗಳು ಗುಡಿಸುವ ವಿಸ್ತೀರ್ಣ ಸುಮಾರು 31 ಚದರ ಸೆಂಟಿಮೀಟರ್. ಒಳಬರುವ ದಾರಿ ಎಲ್ಲಿಯೂ ಇದಕ್ಕಿಂತ ಕಿರಿದಾಗಬಾರದು, ಹೊರಹೋಗುವ ಬಾಯಿ ಇದರ ಶೇಕಡಾ 85ರ ಸುಮಾರಿಗೆ ಇರಬೇಕು ಎಂಬ ಎರಡು ನಿಯಮಗಳನ್ನು ಹಿಡಿದುಕೊಂಡು ಹೊರಟೆ. ಮಿಗ್‌ನ ಮೂತಿಯಲ್ಲಿ ಒಂದು ನಡುಗೋಡೆ ಇದ್ದು, ಅಲ್ಲಿ ಕವಲೊಡೆದ ಗಾಳಿ ಕಾಕ್‌ಪಿಟ್‌ನ ಎರಡೂ ಪಕ್ಕದಲ್ಲಿ ಸಾಗಿ ಹಿಂದೆ ಮತ್ತೆ ಒಂದಾಗುತ್ತದೆ. ನಾನೂ ಅದೇ ದಾರಿಯನ್ನು ಹಿಡಿದು, ಒಂದೊಂದು ಕವಲಿಗೂ 16 ಚದರ ಸೆಂಟಿಮೀಟರಿಗೆ ಕಡಿಮೆಯಾಗದಂತೆ ಅಡ್ಡಕೊಯ್ತಗಳನ್ನು ಬಿಡಿಸಿದೆ. ಕವಲುಗಳ ನಡುವೆ ಉಳಿಯುವ ಜಾಗ ಬ್ಯಾಟರಿಯ ಮನೆಯಾಯಿತು. ತೂಕ ಮುಂದೆ ಬೇಕಾದ ವಿಮಾನದಲ್ಲಿ ಅತ್ಯಂತ ಭಾರದ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಸ್ಥಳ ಸಿಗದು.

ಹಿಂದಿನ ನಳಿಕೆಯನ್ನು 0.25 ಮಿಲಿಮೀಟರ್ ದಪ್ಪದ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯಿಂದ ಸುತ್ತಿದೆ. ಒಂದು ತುದಿಯ ವ್ಯಾಸ 70, ಇನ್ನೊಂದು ತುದಿಯದು 58, ಉದ್ದ 300 ಮಿಲಿಮೀಟರ್ ಇರುವ ಈ ಶಂಕುವನ್ನು ಬಿಡಿಸಿ ಹರಡಿದರೆ ಸಿಗುವ ಆಕಾರದ ಹೊರ ಕಮಾನಿನ ತ್ರಿಜ್ಯ 1750, ಒಳ ಕಮಾನಿನದು 1450 ಮಿಲಿಮೀಟರ್, ಕೋನ 7.2 ಡಿಗ್ರಿ. ಇಷ್ಟು ದೊಡ್ಡ ಕೈವಾರ ಇರುವುದಿಲ್ಲವಾದ್ದರಿಂದ, ಉದ್ದನೆಯ ಮರದ ಪಟ್ಟಿಯ ಒಂದು ತುದಿಗೆ ಮೊಳೆ ಹೊಡೆದು, ಆ ಎರಡು ದೂರಗಳಲ್ಲಿ ಪೆನ್ಸಿಲ್ ತೂರುವಷ್ಟು ತೂತು ಕೊರೆದು, ನೆಲದ ಮೇಲೆ ಹಾಸಿದ ಹಾಳೆಗೆ ಕಮಾನುಗಳನ್ನು ಎಳೆದೆ. ಅಂಟಿಗೆಂದು 8 ಮಿಲಿಮೀಟರ್ ಅಂಚು ಹೆಚ್ಚಿಗೆ ಬಿಟ್ಟು, ಜೋಡಣೆಯ ಒಳಗಿನ ಅಂಚನ್ನು ತೆಳುವಾದ ಟೇಪಿನಿಂದ ಮುಚ್ಚಿದೆ. ಬೆರಳಾಡಿಸಿದರೆ ತಡೆಯುವ ಯಾವ ಅಂಚೂ ಗಾಳಿಯನ್ನು ತಡೆಯುತ್ತದೆ.

ಒಡಲಿಗೆ ತೆಳು ಪ್ಲೈವುಡ್ಡಿನ ಅಡ್ಡಚೌಕಟ್ಟುಗಳು. ಅವುಗಳ ಮೇಲೆ ಫೋಮ್ ಪಟ್ಟಿಗಳ ಹೊದಿಕೆ. ಅದರ ಮೇಲೆ ಚದರ ಮೀಟರಿಗೆ 25 ಗ್ರಾಂ ತೂಗುವ ಗಾಜಿನ ಬಟ್ಟೆ ಮತ್ತು ನೀರಿನಲ್ಲಿ ಕರಗುವ ವಾರ್ನಿಷ್. ಇದು ಬಹಳ ಮಂದಿಗೆ ತಿಳಿದ ವಿಧಾನವಾದ್ದರಿಂದ ಹೆಚ್ಚು ವಿವರಿಸುವುದಿಲ್ಲ. ಆದರೆ ತೂಕದ ಲೆಕ್ಕವನ್ನು ಮಾತ್ರ ಮೊದಲ ದಿನದಿಂದಲೇ ಬರೆದಿಟ್ಟೆ. ಬ್ಯಾಟರಿಗೆ 350, ಫ್ಯಾನ್ ಮತ್ತು ಮೋಟರಿಗೆ 200, ಇಎಸ್‌ಸಿಗೆ (ಮೋಟರಿನ ವೇಗ ನಿಯಂತ್ರಿಸುವ ಸಾಧನಕ್ಕೆ) 80, ಸರ್ವೊ (ರೆಕ್ಕೆ-ಬಾಲಗಳ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟರ್) ಮತ್ತು ರಿಸೀವರಿಗೆ 100, ಒಡಲು-ರೆಕ್ಕೆ-ಬಾಲಗಳಿಗೆ 600, ಬಣ್ಣಕ್ಕೆ 70, ಒಟ್ಟು 1400 ಗ್ರಾಂ ಎಂದು ಹಂಚಿಕೊಂಡು, ಪ್ರತಿ ಭಾಗವನ್ನೂ ಮುಗಿದೊಡನೆ ತಕ್ಕಡಿಗೆ ಇಟ್ಟೆ. ಮೂಲ ವಿಮಾನದ ರೆಕ್ಕೆಯ ವಿಸ್ತೀರ್ಣ 20.6 ಚದರ ಮೀಟರ್ ಆದ್ದರಿಂದ ಮಾದರಿಯದು 20.6 ಚದರ ಡೆಸಿಮೀಟರ್. ಒಂದೊಂದು ಚದರ ಡೆಸಿಮೀಟರಿನ ಮೇಲೆ 68 ಗ್ರಾಂ ಭಾರ ಬೀಳುತ್ತದೆ. ಈ ಭಾರಕ್ಕೆ ಮಾದರಿ ಸೆಕೆಂಡಿಗೆ 11 ಮೀಟರಿನ ಆಸುಪಾಸಿನಲ್ಲಿ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲವನ್ನು ಕಳೆದುಕೊಳ್ಳುತ್ತದೆ, ಎಂದು ಲೆಕ್ಕ ಹೇಳುತ್ತದೆ.

ರೆಕ್ಕೆ 35 ಡಿಗ್ರಿಯಷ್ಟು ಹಿಂದಕ್ಕೆ ಬಾಗಿದೆ. ಇಂಥ ರೆಕ್ಕೆಯಲ್ಲಿ ಗಾಳಿ ತುದಿಯ ಕಡೆಗೆ ಜಾರುವುದರಿಂದ ಮೊದಲು ಸ್ಟಾಲ್ ಆಗುವುದು ತುದಿಯೇ, ಹಾಗಾದಾಗ ಮೂತಿ ಮೇಲೆದ್ದು ವಿಮಾನ ಒಂದು ಪಕ್ಕಕ್ಕೆ ಉರುಳುತ್ತದೆ. ಅದಕ್ಕಾಗಿ ತುದಿಯನ್ನು ಬುಡಕ್ಕಿಂತ 2 ಡಿಗ್ರಿ ಕೆಳಮುಖವಾಗಿ ತಿರುಚಿ ಕಟ್ಟಿದೆ. ಒಂದೊಂದು ರೆಕ್ಕೆಯ ಮೇಲೆ ಎರಡೆರಡು ಇರುವ ಮಿಗ್‌ನ ಬೇಲಿಪಟ್ಟಿಗಳನ್ನು, ಅಂದರೆ ಮುಂದಿನಿಂದ ಹಿಂದಕ್ಕೆ ಎದ್ದು ನಿಂತ ತೆಳು ಗೋಡೆಗಳನ್ನು, ಕೆಲವರು ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ಆದರೆ ಆ ಜಾರುವಿಕೆಯನ್ನು ತಡೆಯಲೆಂದೇ ಮೂಲ ವಿನ್ಯಾಸಕಾರರು ಅವನ್ನು ಅಲ್ಲಿ ನಿಲ್ಲಿಸಿದ್ದು, ಮಾದರಿಯಲ್ಲೂ ಅವುಗಳಿಗೆ ಕೆಲಸವಿದೆ. ಗುರುತ್ವ ಕೇಂದ್ರವನ್ನು ಸರಾಸರಿ ವಾಯುಗತಿಕ ಕಾರ್ಡ್‌ನ (ರೆಕ್ಕೆಯ ಮುಂದಂಚಿನಿಂದ ಹಿಂದಂಚಿಗಿರುವ ಸರಾಸರಿ ಅಗಲದ) ಶೇಕಡಾ 24ರಲ್ಲಿ ಇರಿಸಿದೆ. ರೆಕ್ಕೆ ಹಿಂದಕ್ಕೆ ಬಾಗಿರುವಾಗ ಇದನ್ನು ಕಣ್ಣಂದಾಜಿನಿಂದ ಗುರುತಿಸಲಾಗದು. ರೆಕ್ಕೆಯ ನಕ್ಷೆಯ ಮೇಲೆ ರೇಖೆಗಳನ್ನು ಎಳೆದೇ ಕಂಡುಕೊಳ್ಳಬೇಕು.

ಅತ್ಯಂತ ತಾಳ್ಮೆ ಬೇಡಿದ ಕೆಲಸ ಫ್ಯಾನನ್ನು ಸಮತೂಕಗೊಳಿಸುವುದು. ನಾಲ್ಕು ಸೆಲ್‌ಗಳ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ ಅದು ನಿಮಿಷಕ್ಕೆ ಸುಮಾರು 38,000 ಸುತ್ತು ತಿರುಗುತ್ತದೆ. ಎಸಳಿನ ತುದಿ ಸೆಕೆಂಡಿಗೆ 140 ಮೀಟರಿನ ಹತ್ತಿರ ಓಡುತ್ತಿರುತ್ತದೆ. ಆ ವೇಗದಲ್ಲಿ ಗುಬ್ಬಿಯ ಅಂಚಿನಲ್ಲಿ, ಅಂದರೆ ನಡುವಿನಿಂದ 15 ಮಿಲಿಮೀಟರ್ ದೂರದಲ್ಲಿ, ಕೇವಲ 0.1 ಗ್ರಾಂ ಹೆಚ್ಚಿಗೆ ಇದ್ದರೂ ಅದು ಬೇರಿಂಗನ್ನು 2.4 ಕಿಲೋಗ್ರಾಂ ಭಾರದಷ್ಟು ಬಲದಿಂದ ಸುತ್ತಿ ಸುತ್ತಿ ಜಗ್ಗುತ್ತದೆ. ಮೋಟರಿನ ಕಡ್ಡಿಗೆ ಹಿಡಿಸುವ ಅಡಾಪ್ಟರಿನೊಂದಿಗೆ ಫ್ಯಾನನ್ನು ಕಾಂತೀಯ ಬ್ಯಾಲೆನ್ಸರಿನ ಮೇಲೆ ಇಟ್ಟು, ಯಾವ ಪಕ್ಕ ಕೆಳಕ್ಕೆ ಬರುತ್ತದೆಂದು ನೋಡಿ, ಎದುರು ಪಕ್ಕದಲ್ಲಿ ಗುಬ್ಬಿಯ ಒಳಗೋಡೆಗೆ ಸೂಜಿಯ ಮೊನೆಯಲ್ಲಿ ಎಪಾಕ್ಸಿ ಹಚ್ಚುತ್ತಾ ಹೋದೆ. ಯಾವ ಕೋನದಲ್ಲಿ ಬಿಟ್ಟರೂ ಅಲ್ಲಿಯೇ ನಿಲ್ಲುವವರೆಗೆ ಇದನ್ನು ಬಿಡಬಾರದು. ಮೊದಲ ಬಾರಿ ಪೂರ್ಣ ವೇಗಕ್ಕೆ ಏರಿಸುವಾಗ ಎಸಳುಗಳು ತಿರುಗುವ ಸಮತಲದಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಬೇಕು.

ಇಎಸ್‌ಸಿಯ ಶಾಖ ಹೀರುವ ಫಲಕ ಗಾಳಿದಾರಿಯ ಗೋಡೆಯೊಂದಿಗೆ ಸಮವಾಗಿ ಕೂರುವಂತೆ ಫ್ಯಾನಿನ ಮುಂದೆ ಅಳವಡಿಸಿದೆ. ತಂತಿ ಉದ್ದ ಮಾಡಬೇಕಾದಲ್ಲಿ ಮೋಟರಿನ ಕಡೆ ಮಾಡಿದೆ, ಬ್ಯಾಟರಿಯ ಕಡೆ ಮಾಡಲಿಲ್ಲ. ಬ್ಯಾಟರಿಯ ತಂತಿ ಉದ್ದವಾದಷ್ಟೂ ವೋಲ್ಟೇಜಿನ ಏರಿಳಿತ ಹೆಚ್ಚಾಗಿ ಇಎಸ್‌ಸಿಯ ಕೆಪಾಸಿಟರುಗಳು ಬಿಸಿಯಾಗುತ್ತವೆ.

ಎಲ್ಲವೂ ಕೂಡಿದ ಮೇಲೆ ಮಾದರಿಯನ್ನು ಜಾರುವ ಹಲಗೆಯ ಮೇಲೆ ಕಟ್ಟಿ, ಹಿಂದೆ ತೂಗುತಕ್ಕಡಿಯನ್ನು ಸಿಕ್ಕಿಸಿ ನೂಕುಬಲ ಅಳೆದೆ. ಮೂಲದಂತೆ ಚೂಪಾದ ತುಟಿಯಿದ್ದ ಮೂತಿಯೊಂದಿಗೆ ಸಿಕ್ಕಿದ್ದು 960 ಗ್ರಾಂ. ಒಳಗಡೆಗೆ 5 ಮಿಲಿಮೀಟರ್ ತ್ರಿಜ್ಯದ ದುಂಡುತುಟಿಯ ಮೂತಿಯನ್ನು ತೊಡಿಸಿದಾಗ ಅದು 1120ಕ್ಕೆ ಏರಿತು. ನಿಂತಲ್ಲಿ ಫ್ಯಾನ್ ಎಲ್ಲ ದಿಕ್ಕಿನಿಂದಲೂ ಗಾಳಿ ಎಳೆಯುವುದರಿಂದ ಚೂಪು ಅಂಚನ್ನು ಸುತ್ತಿ ಬರುವ ಗಾಳಿ ಗೋಡೆ ಬಿಟ್ಟು ಸುಳಿಯಾಗುತ್ತದೆ. ಹಾರಾಟದ ವೇಗದಲ್ಲಿ ಈ ತೊಂದರೆ ಇಲ್ಲ. ಮೂಲದ ರೂಪಕ್ಕೆ ಪೂರ್ಣವಾಗಿ ನಿಷ್ಠರಾದವರು ಈ ದಪ್ಪ ತುಟಿಯನ್ನು ಒಪ್ಪಲಿಕ್ಕಿಲ್ಲ. ಮೇಲೇಳುವ ಹೊತ್ತಿನಲ್ಲಿ 160 ಗ್ರಾಂ ನೂಕುಬಲದ ಬೆಲೆ ಬಹಳ ದೊಡ್ಡದೆಂದು ನಾನು ಅದನ್ನೇ ಉಳಿಸಿಕೊಂಡೆ. ರೆಕ್ಕೆಯ ಬುಡದಲ್ಲಿ ಮೂಲ ವಿಮಾನದ ಚಕ್ರದ ಗೂಡು ಇರುವ ಜಾಗದಲ್ಲಿ ಅಗಲ ಕಣ್ಣಿನ ಬಲೆ ಹೊದಿಸಿದ ಸಹಾಯಕ ಕಿಂಡಿ ತೆರೆದ ಮೇಲೆ ಓದು 1200 ಗ್ರಾಂ ಆಯಿತು. 58 ಮಿಲಿಮೀಟರ್ ಬಾಯಿಯಿಂದ ಇಷ್ಟು ಬಲ ಬರಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 60 ಮೀಟರ್ ವೇಗದಲ್ಲಿ ಹೊರಬೀಳುತ್ತಿರಬೇಕು, ಅಂದರೆ ಗಂಟೆಗೆ 216 ಕಿಲೋಮೀಟರ್.

ಚಕ್ರಗಳಿಲ್ಲದ ಮಾದರಿಯಾದ್ದರಿಂದ ರಬ್ಬರ್ ಹಗ್ಗದಿಂದ ಚಿಮ್ಮಿಸುತ್ತೇನೆ. ಮುಂದೆ ಪ್ರೊಪೆಲ್ಲರ್ ಇರುವ ವಿಮಾನದಲ್ಲಿ ಅದರ ಗಾಳಿ ಬಾಲದ ಮೇಲೆ ಬೀಸಿ ಮೂತಿಯನ್ನು ಏರಿಳಿಸುವ ಬಾಲದ ಪಟ್ಟಿಯಾದ ಎಲಿವೇಟರಿಗೆ ತಕ್ಷಣ ಹಿಡಿತ ಕೊಡುತ್ತದೆ. ಇಲ್ಲಿ ಗಾಳಿಯೆಲ್ಲ ನಳಿಕೆಯೊಳಗೆ ಹೋಗುವುದರಿಂದ ವೇಗ ಬರುವವರೆಗೆ ಎಲಿವೇಟರ್ ನಿರುಪಾಯ. ಆದ್ದರಿಂದ ಹಗ್ಗವನ್ನು 5 ಕಿಲೋಗ್ರಾಂ ಎಳೆತ ತೋರುವವರೆಗೆ ಹಿಗ್ಗಿಸಿ, ಅರ್ಧ ಥ್ರಾಟಲಿನಲ್ಲಿ ಬಿಟ್ಟು, ಹಗ್ಗ ಕಳಚಿದೊಡನೆ ಪೂರ್ಣ ಥ್ರಾಟಲ್ ಕೊಟ್ಟು, ಮೂತಿಯನ್ನು ಎತ್ತದೆ ಸ್ವಲ್ಪ ದೂರ ಸಮತಲದಲ್ಲೇ ವೇಗ ಕೂಡಿಸುತ್ತೇನೆ. ಇಳಿಯುವಾಗ ಹುಲ್ಲಿನ ಹತ್ತಿರ ಬರುವವರೆಗೆ ಥ್ರಾಟಲನ್ನು ಪೂರ್ತಿ ಮುಚ್ಚುವುದಿಲ್ಲ, ಏಕೆಂದರೆ ನಿಂತ ಫ್ಯಾನ್ ಮತ್ತೆ ವೇಗ ಹಿಡಿಯುವಷ್ಟು ಹೊತ್ತು ಅಲ್ಲಿ ಇರುವುದಿಲ್ಲ. 3300 ಎಂಎಎಚ್ ಬ್ಯಾಟರಿ ಪೂರ್ಣ ಥ್ರಾಟಲಿನಲ್ಲಿ 55 ಆಂಪಿಯರ್ ಕೊಡಬೇಕಾಗುವುದರಿಂದ ಟೈಮರನ್ನು ಮೂರೂವರೆ ನಿಮಿಷಕ್ಕೆ ಇಟ್ಟಿದ್ದೇನೆ.

ಬಾಲ ಕಳಚಲು ಬರುವುದರಿಂದ ನಳಿಕೆಯನ್ನು ಬದಲಿಸಿ ನೋಡುವುದೂ ಸುಲಭವಾಯಿತು. ಹೊರಬಾಯಿ 62 ಮಿಲಿಮೀಟರ್ ಇರುವ ಎರಡನೆಯ ನಳಿಕೆಯಲ್ಲಿ ನಿಂತಲ್ಲಿನ ನೂಕುಬಲ 1260 ಗ್ರಾಂಗೆ ಏರಿ, ಚಿಮ್ಮಿಸಿದ ನಂತರದ ಏರಿಕೆ ಗಟ್ಟಿಯಾಯಿತು. ಆದರೆ ಗಾಳಿ ಹೊರಬೀಳುವ ವೇಗ ಇಳಿದದ್ದರಿಂದ ಮೇಲೆ ಹೋದ ಮೇಲಿನ ಓಟ ಮಂದವಾಯಿತು. ಈಗ ಎದುರುಗಾಳಿ ಸಿಗುವ ದಿನ 58ರ ನಳಿಕೆಯನ್ನೂ ಗಾಳಿಯೇ ಇಲ್ಲದ ದಿನ 62ರದನ್ನೂ ಹಾಕುತ್ತೇನೆ.