ಪೇಸ್ಟಪ್ ಮಾಡ್ತಿದ್ದ ಕಾಲ

1980ರ ದಶಕದಲ್ಲಿ ಚಾಮರಾಜಪೇಟೆಯ ಒಂದು ಪ್ರೆಸ್‌ನಲ್ಲಿ ನಾನು ಪೇಸ್ಟಪ್, ಅಂದರೆ ಅಚ್ಚಿಗೆ ಹೋಗುವ ಪುಟವನ್ನು ಅಂಟಿಸಿ ಜೋಡಿಸುವ ಕೆಲಸ ಮಾಡುತ್ತಿದ್ದೆ. ಫೋಟೋ ಟೈಪ್‌ಸೆಟ್ಟಿಂಗ್ ಯಂತ್ರದಿಂದ ಲೇಖನ ಉದ್ದನೆಯ ಬ್ರೋಮೈಡ್ (ಫೋಟೋ ಕಾಗದ) ಪಟ್ಟಿಯಾಗಿ ಬರುತ್ತಿತ್ತು. ಅದನ್ನು ಬ್ಲೇಡಿನಿಂದ ಕೊಯ್ದು, ಕಾಲಂ ಅಳತೆಗೆ ಸರಿಯಾಗಿ ದಪ್ಪ ಹಾಳೆಯ ಮೇಲೆ ಅಂಟಿಸಬೇಕು. ಹಾಳೆಗೆ ಗೆರೆ ಎಳೆಯೋದು ತಿಳಿನೀಲಿ ಪೆನ್ಸಿಲಿನಲ್ಲಿ. ಅಂಟಿಸಿದ ಹಾಳೆಯ ಫೋಟೋ ಹಿಡಿದು ಅಚ್ಚಿಗೆ ನೆಗೆಟಿವ್ ತೆಗೆಯುವ ಫಿಲಂಗೆ ತಿಳಿನೀಲಿಯೂ ಬಿಳಿಯೂ ಒಂದೇ, ಹಾಗಾಗಿ ಗೆರೆ ಅಚ್ಚಿಗೆ ಬರುವುದಿಲ್ಲ.

ಅಂಟಿಗೆ ರಬ್ಬರ್ ಸೊಲ್ಯೂಷನ್. ಸೈಕಲ್ ಪಂಕ್ಚರ್‌ಗೆ ಹಚ್ಚುತ್ತಾರಲ್ಲ, ಅದೇ ಜಾತಿಯದು. ನೀರಿನ ಅಂಟಾದರೆ ಕಾಗದ ಉಬ್ಬುತ್ತದೆ, ಸಾಲು ಡೊಂಕಾಗುತ್ತದೆ. ಇದು ಹಸಿ ಇರುವಾಗ ಪಟ್ಟಿಯನ್ನು ಆಚೀಚೆ ಸರಿಸಬಹುದು, ಕಿತ್ತು ಮತ್ತೆ ಕೂರಿಸಬಹುದು. ಅಂಚಿಗೆ ಜಾಸ್ತಿ ಬಂದಿದ್ದು ಒಣಗಿದ ಮೇಲೆ ಬೆರಳಿಂದ ಉಜ್ಜಿದರೆ ಉಂಡೆಯಾಗಿ ಎದ್ದು ಬರುತ್ತದೆ. ವಾಸನೆ ಮಾತ್ರ ತಲೆ ಸುತ್ತಿಸುವಂಥದ್ದು.

ನಿಜವಾದ ಕಷ್ಟ ತಿದ್ದುಪಡಿಯಲ್ಲಿತ್ತು, ಅಂದರೆ ತಪ್ಪಿದ್ದ ಸಾಲನ್ನು ಕೊಯ್ದು ತೆಗೆದು ಸರಿಯಾದದ್ದನ್ನು ಅಂಟಿಸುವುದರಲ್ಲಿ. ಇಂಗ್ಲಿಷ್ ಪುಟದವರು ಎರಡು ಸಾಲಿನ ನಡುವೆ ನೆಟ್ಟಗೆ ಬ್ಲೇಡ್ ಎಳೆದು ಮುಗಿಸುತ್ತಿದ್ದರು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗೆ ಇಳಿದಿರುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಎದ್ದಿರುತ್ತದೆ. ನೆಟ್ಟಗೆ ಕೊಯ್ದರೆ 'ಅಕ್ಕ' ಹೋಗಿ 'ಅಕ' ಉಳಿಯುತ್ತದೆ! ಬ್ಲೇಡನ್ನು ಒಂದೊಂದು ಒತ್ತಿನ ಸುತ್ತಲೂ ಹಾವಿನ ಹಾಗೆ ಹರಿಸಬೇಕು. ಹಳೆಯ ಬ್ರೋಮೈಡ್ ಚೂರುಗಳನ್ನು ನಾವು ಬಿಸಾಡುತ್ತಿರಲಿಲ್ಲ. ಬರೀ ಒಂದು ಒತ್ತು ಬೇಕಾದಾಗ ಅದರಲ್ಲಿ ಹುಡುಕಿ, ಕತ್ತರಿಸಿ, ಬ್ಲೇಡಿನ ತುದಿಯಲ್ಲಿ ಎತ್ತಿ ಕೂರಿಸುವುದು. ಆಗ ಯಾರಾದರೂ ಫ್ಯಾನ್ ಹಾಕಿದರೆ ಜಗಳವೇ. ಚೂರಿನ ಅಂಚಿನ ನೆರಳು ನೆಗೆಟಿವ್‌ನಲ್ಲಿ ಗೆರೆಯಾಗಿ ಕಂಡರೆ ಕ್ಯಾಮೆರಾ ವಿಭಾಗದವರು ಬಣ್ಣ ಹಚ್ಚಿ ಮುಚ್ಚುತ್ತಿದ್ದರು.

'ಪೇಸ್ಟ್' ಪದದ ತವರು ಅಡುಗೆಮನೆ. ಗ್ರೀಕರ ಬಾರ್ಲಿ ಗಂಜಿಯ ಹೆಸರು ಲ್ಯಾಟಿನ್‌ನಲ್ಲಿ 'ಪಾಸ್ತಾ' ಆಯಿತು, ಹಳೆ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಇಂಗ್ಲಿಷಿನಲ್ಲಿ ಮೊದಲು ಅದರ ಅರ್ಥ ನಾದಿದ ಹಿಟ್ಟು. ಹಿಟ್ಟು ಕುದಿಸಿ ಮಾಡಿದ ಅಂಟಿಗೆ ಆ ಹೆಸರು ಬಿದ್ದಿದ್ದು ಆಮೇಲೆ. ಪೇಸ್ಟ್ರಿ ಅದರ ದಾಯಾದಿ. ಆ ಲೆಕ್ಕದಲ್ಲಿ ಮೆಜೆಸ್ಟಿಕ್ ಗೋಡೆಗಳಿಗೆ ಮೈದಾ ಅಂಟು ಬಳಿದು ಸಿನಿಮಾ ಪೋಸ್ಟರ್ ಹಚ್ಚುತ್ತಿದ್ದವರದ್ದೇ ಅಸಲಿ ಪೇಸ್ಟ್. ನಮ್ಮದು ಬರೀ ರಬ್ಬರು, ಅಲ್ವಾ?

ಕಂಪ್ಯೂಟರಿಗೆ ಈ ಪದ ಹೋಗಿದ್ದೂ ನಮ್ಮಂಥವರ ಮೇಜಿನಿಂದಲೇ. 1970ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಒಂದು ಪಠ್ಯಪುಸ್ತಕ ಪ್ರಕಾಶನದ ಸಂಪಾದಕರಿಗಾಗಿ 'ಜಿಪ್ಸಿ' ಎಂಬ ತಂತ್ರಾಂಶ ಬರೆದರು. ಆ ಸಂಪಾದಕರು ಕತ್ತರಿ, ಅಂಟು ಹಿಡಿದು ಮಾಡುತ್ತಿದ್ದ ಕೆಲಸವೇ ಅದರಲ್ಲಿ 'ಕಟ್' ಮತ್ತು 'ಪೇಸ್ಟ್' ಆಯಿತು.

ನಮ್ಮ ಪ್ರೆಸ್ಸಿಗೆ ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಡಿಟಿಪಿ ಬಂದಿದ್ದು 90ರ ದಶಕದಲ್ಲಿ. ಬ್ಲೇಡು ಡ್ರಾಯರ್ ಸೇರಿತು. ಆದರೆ ಆಗ ಒಂದೊಂದು ಕಂಪನಿಯ ಕನ್ನಡ ಫಾಂಟಿಗೆ ಒಂದೊಂದು ಸಂಕೇತ ಪಟ್ಟಿ. ಒಂದರಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದಕ್ಕೆ ಪೇಸ್ಟ್ ಮಾಡಿದರೆ ಒತ್ತೆಲ್ಲ ಚೆಲ್ಲಾಪಿಲ್ಲಿ. ಎಲ್ಲ ಫಾಂಟಿಗೂ ಒಂದೇ ಸಂಕೇತ ಪಟ್ಟಿ ಕೊಟ್ಟ ಯೂನಿಕೋಡ್ ಬಳಕೆಗೆ ಬರೋವರೆಗೂ ಸುಮ್ನೆ ಕೂತು ಮತ್ತೆ ಟೈಪ್ ಮಾಡುತ್ತಿದ್ದೆವು.